ಅವ್ವನ ಕೈಯ ಬಗ್ಗೆ ನಾನು ಬರೆದ ಕಾಗದ

ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಅವ್ವನ ಬಲಗೈಯ ನಡುಬೆರಳು ಊದಿಕೊಂಡಿತು. ಗಂಟು ಮಾತ್ರ ಊದಿದ್ದಲ್ಲ. ಬುಡದಿಂದ ಉಗುರಿನವರೆಗೆ ಇಡೀ ಬೆರಳು ಒಂದೇ ಸಮ ದಪ್ಪವಾಗಿ, ಚರ್ಮ ಬಿಗಿದು ಹೊಳೆಯುತ್ತಿತ್ತು. ಹಸು ತುಳಿದಿರಬೇಕೆಂದು ಅಪ್ಪ ಅಂದರು. ತುಳಿದಿಲ್ಲವೆಂದು ಅವ್ವ ಅಂದಳು. ಹಾಗಾದರೆ ಹುಲ್ಲಿನಲ್ಲಿ ಏನೋ ಕಚ್ಚಿರಬೇಕು ಎಂದಾಯಿತು. ಹರಳೆಣ್ಣೆ ಸವರಿ, ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದರು. ಹದಿನೈದು ದಿನಕ್ಕೆ ಊತ ಸ್ವಲ್ಪ ಇಳಿಯಿತು. ಅಷ್ಟರಲ್ಲಿ ಎಡಗೈಯ ಉಂಗುರದ ಬೆರಳೂ ಹಾಗೇ ಆಯಿತು. ಮಳೆಗಾಲದ ಹೊತ್ತಿಗೆ ಎಡಗಾಲಿನ ಹಿಮ್ಮಡಿ ನೆಲಕ್ಕೆ ಊರಲಾರದಷ್ಟು ನೋಯತೊಡಗಿತು. ನಿನ್ನ ಬೆರಳು ರಸಬಾಳೆ ಗೊನೆಯಾಗೋಯ್ತು, ನಂಜನಗೂಡಿನವರು ಕಂಡರೆ ಮಂಕರಿಗೆ ಹಾಕ್ಕೊಂಡು ಹೋಗ್ಬುಟ್ಟಾರು ಎಂದು ಅಪ್ಪ ಒಂದು ದಿನ ಹೇಳಿದರು. ಅವ್ವ ನಕ್ಕಳು. ಆಗ ಅದು ಇನ್ನೂ ನಗಬಹುದಾದ ವಿಷಯವಾಗಿತ್ತು.

ಅವಳ ಎರಡು ಮೊಣಕೈಗಳ ಮೇಲೂ ಮಂಡಿಗಳ ಮೇಲೂ ನನಗೆ ಬುದ್ಧಿ ತಿಳಿದಾಗಿನಿಂದ ಕೆಂಪು ಕಲೆಗಳಿದ್ದವು. ಅವುಗಳ ಮೇಲೆ ಅಭ್ರಕದ ಪುಡಿಯಂತೆ ಬಿಳಿಯ ಹೊಟ್ಟು ಏಳುತ್ತಿತ್ತು. ಚಳಿಗಾಲದಲ್ಲಿ ಜಾಸ್ತಿ, ಬೇಸಿಗೆಯಲ್ಲಿ ಕಡಿಮೆ. ಕೇರಿಯಲ್ಲಿ ಕೆಲವರು ಅದನ್ನು ಗಜಕರ್ಣ ಅಂದರು. ಹಿನಕಲ್ಲಿನಲ್ಲಿದ್ದ ನನ್ನ ಅಜ್ಜಿ, ಅವ್ವನ ತಾಯಿ, ನಾಗರ ದೋಷವೆಂದು ಷಷ್ಠಿಯ ದಿನ ಮಗಳ ಕೈಲಿ ಹುತ್ತಕ್ಕೆ ಹಾಲು ಹುಯ್ಯಿಸಿದ್ದಳು. ಕಲೆಗೂ ಬೆರಳಿನ ಊತಕ್ಕೂ ಸಂಬಂಧವಿರಬಹುದೆಂದು ಯಾರಿಗೂ ತೋಚಲಿಲ್ಲ. ಉಗುರುಗಳ ಮೇಲೆ ಸೂಜಿಯಲ್ಲಿ ಚುಚ್ಚಿದಂತೆ ಸಣ್ಣ ಗುಳಿಗಳು ಬಿದ್ದಿದ್ದನ್ನು ನಾನು ನೋಡಿದ್ದೆ. ಹಾಲು ಕರೆಯುವವರ ಉಗುರು ಹಾಗೇ ಇರುತ್ತದೇನೋ ಎಂದುಕೊಂಡಿದ್ದೆ.

ನಾವು ಪಡುವಾರಹಳ್ಳಿಯಲ್ಲಿದ್ದೆವು. ಅಪ್ಪ ಸರ್ಕಾರದ ತೋಟವೊಂದರಲ್ಲಿ ಮಾಲಿ. ಅವ್ವ ಎರಡು ಹಸು ಕಟ್ಟಿಕೊಂಡು ಒಂಟಿಕೊಪ್ಪಲಿನ ಐದು ಮನೆಗಳಿಗೆ ದಿನವೂ ವರ್ತನೆಯ ಹಾಲು ಕೊಡುತ್ತಿದ್ದಳು. ಆಗ ಮೈಸೂರಿನಲ್ಲಿ ಬಹಳ ಮನೆಗಳವರು ಬೇರೆಲ್ಲೋ ಕರೆದು ತಂದ ಹಾಲನ್ನು ಒಪ್ಪುತ್ತಿರಲಿಲ್ಲ. ನೀರು ಬೆರೆತಿರುತ್ತದೆಂಬ ಅನುಮಾನ. ಹಸುವನ್ನೇ ಬಾಗಿಲಿಗೆ ಹೊಡೆದುಕೊಂಡು ಹೋಗಿ ಅವರ ಕಣ್ಣೆದುರಿಗೆ ಕರೆಯಬೇಕಿತ್ತು. ಅದಕ್ಕೊಂದು ಕ್ರಮವಿತ್ತು. ಮೊದಲು ಚೊಂಬನ್ನು ಬೋರಲು ಮಾಡಿ ಖಾಲಿಯಿದೆಯೆಂದು ತೋರಿಸಬೇಕು. ಆಮೇಲೆ ಮನೆಯಾಕೆ ತಾನೇ ಮೇಲಿನಿಂದ ನೀರು ಹುಯ್ಯುತ್ತಾಳೆ, ಕರೆಯುವವಳು ಮೊಣಕೈಯವರೆಗೆ ತೊಳೆದುಕೊಳ್ಳಬೇಕು. ಕೆಚ್ಚಲನ್ನೂ ತೊಳೆದು, ಕರುವಿಗೆ ಎರಡು ಗುಟುಕು ಬಿಟ್ಟು, ಅದನ್ನು ಎಳೆದು ಕಟ್ಟಿ, ಕುಕ್ಕರುಗಾಲಿನಲ್ಲಿ ಕೂರಬೇಕು. ಕರೆದು ಮುಗಿಯುವವರೆಗೆ ಮನೆಯಾಕೆ ಹೊಸ್ತಿಲಲ್ಲಿ ನಿಂತೇ ಇರುತ್ತಾಳೆ. ಹಾಗಾಗಿ ಊರಿನಲ್ಲಿ ಇನ್ನಾರ ಕೈಯನ್ನೂ ನೋಡದಷ್ಟು ಹತ್ತಿರದಿಂದ, ಅಷ್ಟು ಹೊತ್ತು, ಆ ಐವರು ಹೆಂಗಸರು ನಮ್ಮವ್ವನ ಕೈಯನ್ನು ನೋಡುತ್ತಿದ್ದರು.

ಬೆಳಗ್ಗೆ ಎದ್ದಾಗ ಆ ಕೈ ಅರ್ಧ ಮುಚ್ಚಿಕೊಂಡಿರುತ್ತಿತ್ತು. ಊದುಕೊಳವೆಯನ್ನು ಹಿಡಿಯಲು ಆಗುತ್ತಿರಲಿಲ್ಲ, ಎರಡು ಅಂಗೈಗಳ ನಡುವೆ ಒತ್ತಿಕೊಂಡು ಊದುತ್ತಿದ್ದಳು. ಹಂಡೆಯ ನೀರು ಬೆಚ್ಚಗಾದ ಮೇಲೆ ಒಂದು ಪಾತ್ರೆಗೆ ಬಗ್ಗಿಸಿಕೊಂಡು ಅದರಲ್ಲಿ ಕೈ ಇಟ್ಟುಕೊಂಡು ಕೂರುತ್ತಿದ್ದಳು. ಕೂತಲ್ಲಿಂದಲೇ ನನಗೆ ಕೆಲಸ ಹೇಳುತ್ತಿದ್ದಳು. ಮೊದಲನೇ ಮನೆಯಲ್ಲಿ ಕರೆಯುವಾಗ ಅವಳ ತುಟಿ ಬಿಗಿದಿರುತ್ತಿತ್ತು. ಕೆಚ್ಚಲಿನ ಬಿಸುಪಿಗೆ ಬೆರಳು ನಿಧಾನವಾಗಿ ಸಡಿಲವಾಗುತ್ತಿತ್ತು, ಮೂರನೇ ಮನೆಯ ಹೊತ್ತಿಗೆ ಬೆರಳಿಗೆ ಜೀವ ಬಂದಿರುತ್ತದೆ ಎಂದು ಅವಳೇ ಹೇಳುತ್ತಿದ್ದಳು. ತಡವಾದರೆ ಸಿಡುಕುವವರ ಮನೆಯನ್ನು ಮೊದಲಿನ ಸರದಿಯಿಂದ ತೆಗೆದು ಮೂರನೆಯದಕ್ಕೆ ಇಟ್ಟಿದ್ದು ಅದಕ್ಕೇ. ಅವರಿಗೆ ಬೇರೆ ಏನೋ ಕಾರಣ ಹೇಳಿದ್ದಳು. ಮುಷ್ಟಿಯಲ್ಲಿ ಹಿಡಿದು ಕರೆಯುವುದನ್ನು ಬಿಟ್ಟು, ಊದದೆ ಉಳಿದಿದ್ದ ಬೆರಳುಗಳನ್ನು ಮಾತ್ರ ಹೆಬ್ಬೆರಳಿಗೆ ಒತ್ತಿ ಕರೆಯುವುದನ್ನು ಕಲಿತಳು. ಹಸುವಿಗೆ ಅದು ಒಗ್ಗಲು ಒಂದು ವಾರ ಹಿಡಿಯಿತು. ಕಾಲು ಝಾಡಿಸುತ್ತಿತ್ತು. ಅವಳು ಬೈಯಲಿಲ್ಲ. ಅದಕ್ಕೇನು ಗೊತ್ತು ಎಂದಳು.

ನಾನು ಹುಡುಗಿಯರ ಕಾಲೇಜಿಗೆ ಸೇರಿ ಬಿ.ಎ. ಓದುತ್ತಿದ್ದೆ. ನಮ್ಮ ಕೇರಿಯಿಂದ ಅಷ್ಟು ಓದಿದ ಹೆಣ್ಣು ಇನ್ನೊಬ್ಬಳಿರಲಿಲ್ಲ. ಭಾನುವಾರಗಳಲ್ಲಿ ಕರುವನ್ನು ಹಿಡಿದುಕೊಂಡು ಅವ್ವನ ಜೊತೆ ಹೋಗುತ್ತಿದ್ದೆ. ಐದು ಮನೆಗಳಲ್ಲಿ ಒಂದು ನನ್ನ ತರಗತಿಯ ಹುಡುಗಿಯದು. ಅವಳು ಕಾಲೇಜಿನಲ್ಲಿ ನನ್ನೊಡನೆ ಚೆನ್ನಾಗಿಯೇ ಮಾತಾಡುತ್ತಿದ್ದಳು. ಅವರ ಮನೆಯ ಬಾಗಿಲಿಗೆ ಹೋದ ದಿನ ನಾನು ಕರುವಿನ ಕಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. ಇದನ್ನು ಬರೆಯದೆ ಮುಂದಿನದನ್ನು ಬರೆದರೆ ಅದು ಸರಿಯಾಗುವುದಿಲ್ಲ.

ರಾಜ್ಯ ಒಂದಾದ ಮಾರನೆಯ ವರ್ಷ, ಚಳಿಗಾಲದಲ್ಲಿ, ಮೂಲೆ ಮನೆಯ ಅಮ್ಮ ಅವ್ವನ ಕೈಗೆ ನೀರು ಹುಯ್ಯುತ್ತ ಹುಯ್ಯುತ್ತ ನಿಲ್ಲಿಸಿದರು. ಆ ಹೊತ್ತಿಗೆ ಗೆಣ್ಣುಗಳ ಮೇಲೂ ಕಲೆ ಬಂದಿತ್ತು. ಬಲಗೈಯ ಎರಡು ಬೆರಳುಗಳ ತುದಿ ಒಳಕ್ಕೆ ಬಾಗಿದ್ದವು. ಇದೇನು ನಿನ್ನ ಕೈ ಹೀಗಾಗಿದೆ ಎಂದು ಅವರು ಕೇಳಿದರು. ಮನೆಗೆ ಸುಣ್ಣ ಬಳಿದೆ, ಸುಣ್ಣಕ್ಕೆ ಒಡೆದುಕೊಂಡಿತು ಎಂದಳು ಅವ್ವ. ಅವರು ಮತ್ತೇನೂ ಕೇಳದೆ ಉಳಿದ ನೀರನ್ನು ಹುಯ್ದರು. ನಾನು ಕರುವಿನ ಹಗ್ಗ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಆ ವರ್ಷ ನಾವು ಸುಣ್ಣ ಬಳಿದಿರಲಿಲ್ಲ.

ಒಂದು ತಿಂಗಳ ಮೇಲೆ ಐದು ಮನೆಗಳಲ್ಲಿ ಒಂದು ನಿಂತಿತು. ಅವರು ಕಾರಣ ಹೇಳಲಿಲ್ಲ. ಆದರೆ ನಮ್ಮ ಕೇರಿಯ ಒಬ್ಬಾಕೆ ಅವರ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದಳು. ಅವಳು ಬಂದು ನನ್ನ ಕಿವಿಯಲ್ಲಿ ಹೇಳಿದಳು, ದೊಡ್ಡ ರೋಗವೇನೋ ಎಂದು ಆ ಮನೆಯಲ್ಲಿ ಮಾತಾಡಿಕೊಂಡರಂತೆ. ದೊಡ್ಡ ರೋಗ ಎಂದರೆ ಕುಷ್ಠ. ಆ ಪದವನ್ನು ಬಾಯಿಬಿಟ್ಟು ಹೇಳದೆ ಹಾಗೆ ಅನ್ನುತ್ತಿದ್ದರು. ಇನ್ನು ನಾಲ್ಕು ಮನೆ ಉಳಿದಿದ್ದವು. ಆ ಮಾತು ಹಬ್ಬಿದರೆ ಹಾಲು ಮಾತ್ರವಲ್ಲ, ಅವಳು ಕೇರಿಯ ಬಾವಿಗೆ ಹೋಗುವುದೂ ನಿಲ್ಲುತ್ತದೆಂದು ನನಗೆ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು. ಆದರೆ ಅವಳು ನಾನು ಹೇಳಿದ್ದನ್ನು ಕೇಳಿಸಿಕೊಂಡು, ಕೊಟ್ಟಿಗೆಗೆ ಹೋಗಿ, ಮಾಮೂಲಿನ ಹಾಗೆ ಸಗಣಿ ಬಾಚಿದಳು.

ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದದ್ದು ನಾನೇ. ಅಪ್ಪನಿಗೆ ಹೆದರಿಕೆಯಿತ್ತು, ಅಲ್ಲಿ ಹೆಸರು ಬರೆದುಕೊಂಡು ಎಲ್ಲಿಗಾದರೂ ಕಳಿಸಿಬಿಟ್ಟರೆ ಎಂದು. ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಮೊದಲು ಮೊಣಕೈ ನೋಡಿದರು, ಆಮೇಲೆ ತಲೆಗೂದಲನ್ನು ಬಿಡಿಸಿ ನೋಡಿದರು, ಉಗುರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಕಣ್ಣು ಮುಚ್ಚಿಕೊಳ್ಳಲು ಹೇಳಿ ಕಲೆಗಳ ಮೇಲೆ ಹತ್ತಿ ಸವರಿದರು, ಗುಂಡುಸೂಜಿಯಿಂದ ಮುಟ್ಟಿದರು. ಎಲ್ಲೆಲ್ಲಿ ಮುಟ್ಟಿದರೋ ಅಲ್ಲೆಲ್ಲ ಅವ್ವ ಹೂಂ ಅಂದಳು. ಕೊನೆಗೆ ಊದಿದ ಬೆರಳನ್ನು ಒತ್ತಿ, ನೋವು ಗೊತ್ತಾಗುತ್ತೇನಮ್ಮ ಎಂದು ಕೇಳಿದರು.

"ಅದೊಂದೇ ಸೋಮಿ ಗೊತ್ತಾಗಾದು. ಇನ್ನೇನೂ ಗೊತ್ತಾಗಕಿಲ್ಲ" ಎಂದಳು ಅವ್ವ.

ಡಾಕ್ಟರು ನಕ್ಕರು. ನೋವಿದೆಯಲ್ಲ, ಅದೇ ಒಳ್ಳೆಯ ಸುದ್ದಿ ಎಂದರು. ನಾವು ಯಾವುದಕ್ಕೆ ಹೆದರಿ ಬಂದಿದ್ದೆವೋ ಅದರಲ್ಲಿ ಕಲೆಗೆ ಸ್ಪರ್ಶ ತಿಳಿಯುವುದಿಲ್ಲ, ಸುಟ್ಟರೂ ತಿಳಿಯುವುದಿಲ್ಲ. ಇದು ಸೋರಿಯಾಸಿಸ್ ಎಂಬ ಚರ್ಮದ ವ್ಯಾಧಿ. ಇದಿರುವವರಲ್ಲಿ ಕೆಲವರಿಗೆ ಹೀಗೆ ಕೀಲುಗಳೂ ಊದುತ್ತವೆ. ಎರಡೂ ಒಂದೇ ರೋಗವೋ, ಜೊತೆಯಾಗಿ ಬಂದ ಎರಡು ರೋಗಗಳೋ ಎಂದು ತಿಳಿದವರಲ್ಲೇ ಇನ್ನೂ ವಾದವಿದೆ. ಯಾರಿಗೂ ಅಂಟುವುದಿಲ್ಲ. ಪೂರ್ತಿ ವಾಸಿಯೂ ಆಗುವುದಿಲ್ಲ. ಇಷ್ಟನ್ನೂ ಅವರು ನನ್ನ ಕಡೆ ನೋಡಿ ಇಂಗ್ಲಿಷಿನಲ್ಲಿ ಹೇಳಿದರು, ಆಮೇಲೆ ಅವ್ವನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. ಕನ್ನಡದಲ್ಲಿ ಹೇಳುವಾಗ ಕೊನೆಯ ಮಾತನ್ನು ಬಿಟ್ಟರು. ನೋವಿಗೆ ಮಾತ್ರೆ, ಕಲೆಗೆ ಡಾಂಬರಿನ ವಾಸನೆಯ ಮುಲಾಮು ಬರೆದುಕೊಟ್ಟರು. ಮುಲಾಮಿನ ವಾಸನೆ ಹಾಲಿಗೆ ಹಿಡಿಯುತ್ತದೆಂದು ಅವ್ವ ಅದನ್ನು ಸಂಜೆ ಕರೆದಾದ ಮೇಲೆ ಹಚ್ಚಿ, ಬೆಳಗ್ಗೆ ಸೀಗೆಪುಡಿಯಲ್ಲಿ ತಿಕ್ಕಿ ತೊಳೆಯುತ್ತಿದ್ದಳು. ಹಾಗೆ ತಿಕ್ಕಿದ್ದಕ್ಕೆ ಕಲೆ ಇನ್ನಷ್ಟು ಕೆಂಪಾಯಿತು.

ಅವತ್ತು ಆಸ್ಪತ್ರೆಯಿಂದ ಹೊರಡುವ ಮೊದಲು ನಾನು ಡಾಕ್ಟರನ್ನು ಒಂದು ಸರ್ಟಿಫಿಕೇಟು ಕೇಳಿದೆ. ಯಾರಿಗೆ ತೋರಿಸುವುದಕ್ಕೆ ಎಂದರು. ಹಾಲು ತೆಗೆದುಕೊಳ್ಳುವ ಮನೆಗಳಿಗೆ ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದರು. ಅವರಿಗೆ ಏನೋ ಹೇಳಬೇಕೆನಿಸಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಆದರೆ ಬರೆದುಕೊಟ್ಟರು.

ಅದು ಇಂಗ್ಲಿಷಿನಲ್ಲಿತ್ತು. ಮನೆಗೆ ಬಂದು ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ಎರಡು ದಿನ ಹಿಡಿಯಿತು. ಒಂದೊಂದು ಪದಕ್ಕೂ ಸರಿಯಾದ ಪದ ಬೇಕೆಂದು ಹಟ. ಈಕೆಗಿರುವುದು ಚರ್ಮದ ಮತ್ತು ಕೀಲುಗಳ ವ್ಯಾಧಿಯೆಂದೂ, ಅದು ಕುಷ್ಠವಲ್ಲವೆಂದೂ, ಮುಟ್ಟಿದ್ದರಿಂದಾಗಲಿ ಹಾಲಿನಿಂದಾಗಲಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲವೆಂದೂ, ಪರೀಕ್ಷಿಸಿದ ಡಾಕ್ಟರು ಬರೆದುಕೊಟ್ಟಿದ್ದಾರೆಂದೂ ಬರೆದೆ. ಒಳ್ಳೆಯ ಕಾಗದದ ಮೇಲೆ, ಅಂಚಿಗೆ ಗೆರೆ ಎಳೆದು, ನಾಲ್ಕು ಪ್ರತಿ ಮಾಡಿದೆ. ಚಿತ್ತು ಬಿದ್ದದ್ದನ್ನು ಹರಿದುಹಾಕಿ ಮತ್ತೆ ಬರೆದೆ.

ಅವ್ವನಿಗೆ ಓದಲು ಬರುತ್ತಿರಲಿಲ್ಲ. ನಾನು ಓದಿ ಹೇಳಿದೆ. ಅವಳು ಪೂರ್ತಿ ಕೇಳಿ, ಯಾರಿಗೆ ಇದು ಎಂದಳು. ಹೇಳಿದೆ.

"ಕೇಳ್ದೇ ಇರೋರ ತಾವ ಓಗಿ ಯಾಕವ್ವ ಯೋಳಾದು?" ಎಂದಳು. "ಅವ್ರು ದಿನಾ ನೋಡವ್ರೆ, ನೋಡಿ ಸುಮ್ಕವ್ರೆ. ಅಂಗೇ ಇರ್ಲಿ ಬುಡು."

ಸುಳ್ಳು ಎಷ್ಟು ದಿನ ಎಂದು ನಾನು ಕೇಳಿದೆ. ಸುಣ್ಣದ ಮಾತು ಎತ್ತಿದೆ. ಅವಳ ಮುಖ ಸಪ್ಪಗಾಯಿತು. ಮಗಳ ಮುಂದೆ ಆಡಿದ ಸುಳ್ಳನ್ನು ಮಗಳೇ ಎತ್ತಿ ಆಡುತ್ತಾಳೆಂದು ಅವಳು ಎಣಿಸಿರಲಿಲ್ಲ. ವಿಷಯ ಗೊತ್ತಾದರೆ ಜನ ಹೆದರುವುದಿಲ್ಲ, ಗೊತ್ತಿಲ್ಲದ್ದಕ್ಕೇ ಹೆದರುವುದು ಎಂದು ನಾನು ಪಾಠ ಹೇಳಿದೆ. ಅದನ್ನು ನಾನು ನಿಜವಾಗಿಯೂ ನಂಬಿದ್ದೆ. ಅಪ್ಪ ನಡುವೆ ಬಂದು, ಓದಿದವಳು ಹೇಳುತ್ತಿದ್ದಾಳೆ, ಓದಿದವರ ಮನೆಗೇ ಹೋಗುತ್ತಿದ್ದಾಳೆ, ಅವರವರಿಗೆ ತಿಳಿಯುತ್ತದೆ ಎಂದರು. ಅವ್ವ ಆಮೇಲೆ ಬೇಡ ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ.

ಭಾನುವಾರ ಹಾಲಿನ ಹೊತ್ತು ಕಳೆದ ಮೇಲೆ, ಒಗೆದ ಸೀರೆ ಉಟ್ಟು, ಒಬ್ಬಳೇ ಹೋದೆ. ಹಸುವಿಲ್ಲದೆ ಆ ಬಾಗಿಲುಗಳಿಗೆ ನಾನು ಹೋದದ್ದು ಅದೇ ಮೊದಲು. ಬಾಗಿಲು ತೆಗೆದವರು ನನ್ನ ಬೆನ್ನ ಹಿಂದೆ ಹಸುವನ್ನು ಹುಡುಕಿದರು.

ಮೊದಲನೇ ಮನೆಯ ಯಜಮಾನರು ರಿಟೈರಾದ ಮೇಷ್ಟರು. ಕನ್ನಡಕ ತರಿಸಿಕೊಂಡು ಎರಡು ಸಲ ಓದಿದರು. ಭಾಷೆ ಶುದ್ಧವಾಗಿದೆಯೆಂದು ಹೊಗಳಿದರು. ಅವರ ಹೆಂಡತಿ ಪಕ್ಕದಲ್ಲಿ ನಿಂತು, ನಮಗೆ ಇದೇನೂ ಗೊತ್ತೇ ಇರಲಿಲ್ಲವಲ್ಲ ಎಂದು ಮೆಲ್ಲಗೆ ಅಂದರು. ನಾನು ಅದನ್ನು ಸಹಾನುಭೂತಿಯೆಂದು ತಿಳಿದು ಸಂತೋಷಪಟ್ಟೆ. ಎರಡನೇ ಮನೆಯಲ್ಲಿ ಕಾಗದವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಅಲ್ಲೇ ಕಿಟಕಿಯ ಮೇಲೆ ಇಟ್ಟು ಹೋಗು, ಅವರು ಬಂದ ಮೇಲೆ ನೋಡುತ್ತಾರೆ ಎಂದರು. ಹೊರಟವಳು ಗೇಟಿನ ಹತ್ತಿರ ತಿರುಗಿ ನೋಡಿದೆ. ಆಕೆ ಒಂದು ಕಡ್ಡಿಯಿಂದ ಅದನ್ನು ಕಿಟಕಿಯ ಒಳಕ್ಕಲ್ಲ, ಹೊರಕ್ಕೆ ತಳ್ಳುತ್ತಿದ್ದರು. ಮೂರನೆಯದು ನನ್ನ ತರಗತಿಯ ಹುಡುಗಿಯ ಮನೆ. ಅವಳೇ ಬಾಗಿಲು ತೆಗೆದು, ಓದಿ, ಪಾಪ ಅಂದಳು. ಅವಳ ತಾಯಿಯನ್ನು ಕರೆಯಲಿಲ್ಲ. ನಾಳೆ ಕಾಲೇಜಿನಲ್ಲಿ ಸಿಗೋಣ ಅಂದಳು.

ಕೊನೆಯದು ಮೂಲೆ ಮನೆ. ಅಲ್ಲಿಯ ಅಮ್ಮ ನಿಷ್ಠುರದವರು, ಕೆಟ್ಟವರಲ್ಲ. ಬಿಸಿಲಲ್ಲಿ ಬಂದಿದ್ದೀಯೆ ಎಂದು ನೀರುಮಜ್ಜಿಗೆ ಕೊಟ್ಟರು. ಕಾಗದ ಓದಿ, ಮಡಿಸಿ, ನನ್ನ ಕೈಗೇ ವಾಪಸು ಕೊಟ್ಟರು.

"ಏನೂ ಇಲ್ಲ ಅಂತ ಬರೆಸ್ಕೊಂಡು ಬರಬೇಕಾದ್ರೆ ಏನೋ ಇರಲೇಬೇಕಲ್ಲಮ್ಮ" ಎಂದರು. "ಇಷ್ಟು ದಿನ ನನಗೆ ಅನುಮಾನ ಇತ್ತು. ಆದರೂ ನಿಮ್ಮಮ್ಮ ಸುಣ್ಣ ಅಂದ್ಲು, ಇರಬಹುದು ಅಂತ ತಗೋತಾ ಇದ್ದೆ. ಈಗ ನೀನೇ ಬಂದು ಹೇಳಿಬಿಟ್ಟೆ. ನಾಳೆಯಿಂದ ನಾನು ಹೆಂಗೆ ಮಕ್ಕಳಿಗೆ ಕೊಡ್ಲಿ?"

ನಾನು ಕಾಗದದಲ್ಲಿದ್ದದ್ದನ್ನೇ ಬಾಯಲ್ಲಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ನೀನು ಹೇಳುವುದು ನಿಜವಿರಬಹುದು, ಸುಳ್ಳು ಎನ್ನುವುದಿಲ್ಲ ಎಂದರು. ಆದರೆ ನನ್ನ ಅತ್ತೆಗೆ ಈ ಕಾಗದ ಗೊತ್ತಾದರೆ ಆ ಹಾಲಿನಲ್ಲಿ ದೇವರಿಗೆ ನೈವೇದ್ಯ ಮಾಡಲು ಬಿಡುತ್ತಾರೆಯೇ ಎಂದು ನನ್ನನ್ನೇ ಕೇಳಿದರು. ಕುಷ್ಠ ಎಂಬ ಪದ ಆ ಮನೆಗಳಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ದುಂಡು ಅಕ್ಷರದಲ್ಲಿ ಬರೆದು ಅದನ್ನು ಹೊಸ್ತಿಲ ಒಳಕ್ಕೆ ತೆಗೆದುಕೊಂಡು ಹೋಗಿ ಕೊಟ್ಟವಳು ನಾನು.

ಯಾರೂ ಜಗಳವಾಡಲಿಲ್ಲ. ಮೂಲೆ ಮನೆಯವರು ಮಾರನೆಯ ದಿನವೇ ನಿಲ್ಲಿಸಿದರು. ಮೇಷ್ಟರ ಹೆಂಡತಿ ಒಂದು ವಾರ ತೆಗೆದುಕೊಂಡು, ಆಮೇಲೆ ಮಗುವಿಗೆ ಹಸುವಿನ ಹಾಲು ಅರಗುತ್ತಿಲ್ಲ ಎಂದರು. ಆ ಮನೆಯಲ್ಲಿ ಮಗು ಇರಲಿಲ್ಲ, ಮೊಮ್ಮಗು ಬಂದು ಹೋಗುತ್ತಿತ್ತು. ಕಿಟಕಿಯ ಮನೆಯವರು ಬಾಗಿಲು ತೆಗೆಯಲಿಲ್ಲ. ಅವ್ವ ಹಸು ನಿಲ್ಲಿಸಿಕೊಂಡು ಎರಡು ಬೆಳಗ್ಗೆ ಕಾದಳು, ಮೂರನೆಯ ಬೆಳಗ್ಗೆ ನಿಲ್ಲದೆ ಮುಂದೆ ಹೋದಳು. ನನ್ನ ತರಗತಿಯ ಹುಡುಗಿಯ ಮನೆಯಲ್ಲಿ ಮಾತ್ರ ಯುಗಾದಿಯವರೆಗೆ ತೆಗೆದುಕೊಂಡರು. ಅವಳು ಆ ಕಾಗದವನ್ನು ತಾಯಿಗೆ ತೋರಿಸಿಯೇ ಇರಲಿಲ್ಲವೆಂದು ಬಹಳ ದಿನಗಳ ಮೇಲೆ ತಿಳಿಯಿತು. ಅವರಿಗೂ ಬೇರೆಯವರಿಂದ ಗೊತ್ತಾಗಿ ನಿಂತುಹೋಯಿತು.

ಹೋಟೆಲಿಗೆ ಕೊಡೋಣ ಎಂದು ಅಪ್ಪ ಒಂದೆರಡು ಕಡೆ ಕೇಳಿ ಬಂದರು. ಮಾತು ಅವರಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಕೇರಿಯಲ್ಲಿ ನಮ್ಮವರು ದೂರ ಮಾಡಲಿಲ್ಲ, ಅದೊಂದು ಪುಣ್ಯ. ಬಾವಿಯ ಹತ್ತಿರ ಮಾತ್ರ ಹೆಂಗಸರು ಅವ್ವನ ಬಿಂದಿಗೆಯನ್ನು ತಾವೇ ತುಂಬಿಸಿಕೊಡತೊಡಗಿದರು. ನಿನ್ನ ಕೈ ನೋಯುತ್ತಲ್ಲ ಎನ್ನುತ್ತಿದ್ದರು. ಹಗ್ಗ ಮುಟ್ಟದಿರಲೆಂದೋ, ನಿಜವಾಗಿ ಕನಿಕರದಿಂದಲೋ, ನಮಗೆ ತಿಳಿಯುವ ದಾರಿಯಿರಲಿಲ್ಲ. ಅವ್ವ ಎರಡಕ್ಕೂ ಒಂದೇ ರೀತಿ ತಲೆ ಆಡಿಸಿ ಬರುತ್ತಿದ್ದಳು.

ಹಸುಗಳನ್ನು ಹಿನಕಲ್ಲಿನ ನನ್ನ ಸೋದರಮಾವ ಹೊಡೆದುಕೊಂಡು ಹೋದರು. ಎರಡು ಸಲ ಬಂದರು, ಒಂದೊಂದು ಸಲಕ್ಕೆ ಒಂದೊಂದು. ಎರಡನೆಯದು ಗಬ್ಬವಾಗಿತ್ತು. ಅವ್ವ ಅದರ ಕೊರಳಿನ ಹಗ್ಗ ಬಿಚ್ಚಲು ನೋಡಿದಳು, ಗಂಟು ಬಿಚ್ಚಲು ಬೆರಳು ಬಾಗಲಿಲ್ಲ. ನಾನು ಬಿಚ್ಚಿದೆ.

ಆಮೇಲೆ ಬೇಸಿಗೆಯಲ್ಲಿ ಆಸ್ಪತ್ರೆಗೆ ಮತ್ತೆ ಹೋದೆವು. ಅದೇ ಡಾಕ್ಟರು. ಬೆರಳುಗಳನ್ನು ಬಿಡಿಸಿ, ಮಡಿಸಿ ನೋಡಿ, ಮೂರೇ ತಿಂಗಳಲ್ಲಿ ಇಷ್ಟು ಬಿಗಿತ ಹೇಗೆ ಬಂತು ಎಂದರು. ಕೈಯನ್ನು ಸುಮ್ಮನೆ ಇಡಬಾರದು, ಆಡಿಸುತ್ತಲೇ ಇರಬೇಕು ಎಂದರು. ನೆನಪಿಸಿಕೊಂಡು, ಹಾಲು ಕರೆಯುತ್ತಿದ್ದರಲ್ಲ, ಅದಕ್ಕಿಂತ ಒಳ್ಳೆಯದು ನಾನು ಹೇಳಿಕೊಡಲಾರೆ, ಬಿಸಿಯೂ ಇದೆ, ಬೆರಳಿಗೆ ಕೆಲಸವೂ ಇದೆ, ಅದನ್ನು ಬಿಡಿಸಬೇಡಿ ಎಂದರು. ಸರ್ಟಿಫಿಕೇಟು ಉಪಯೋಗಕ್ಕೆ ಬಂತೇ ಎಂದು ಕೇಳಿದರು. ಬಂತು ಸೋಮಿ ಎಂದಳು ಅವ್ವ. ಅದು ನನಗಾಗಿ ಆಡಿದ ಸುಳ್ಳು. ಅದನ್ನು ನಾನು ಎತ್ತಿ ಆಡಲಿಲ್ಲ.

ಅಂದಿನಿಂದ ಮನೆಯಲ್ಲಿ ಮುದ್ದೆ ಕಟ್ಟುವುದನ್ನು ಅವಳು ಯಾರಿಗೂ ಬಿಡಲಿಲ್ಲ. ಬಿಸಿ ಹಿಟ್ಟಿಗೆ ಕೈ ಹಾಕಿದರೆ ಬೆರಳು ಆಡುತ್ತದೆ ಎಂಬ ಆಸೆ. ಒಂದು ವರ್ಷ ಹಾಗೇ ನಡೆಯಿತು. ಮುದ್ದೆಗಳ ಮೇಲೆ ಬೆರಳಿನ ಗುರುತು ಮೂಡುವುದು ನಿಂತಿತು, ಅಂಗೈಯಿಂದ ಹೊರಳಿಸಿದ ಗುರುತು ಮಾತ್ರ ಉಳಿಯಿತು. ಆಮೇಲೆ ಅದನ್ನೂ ನಾನೇ ಕಟ್ಟತೊಡಗಿದೆ. ನನಗೆ ಅದು ಸರಿಯಾಗಿ ಬರುವುದಿಲ್ಲ, ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ. ಅಪ್ಪ ಅದನ್ನೇ ಉಣ್ಣುತ್ತಾರೆ.

ಎಂ.ಎ. ಮುಗಿಸಿ ನನಗೆ ಕೆಲಸ ಸಿಕ್ಕಿತು. ನಾನು ಮನೆಯಿಂದ ಹೊರಗೆ ಹೋಗುವುದು ಹೆಚ್ಚಾದ್ದರಿಂದ ಕೆಲವನ್ನು ತಡವಾಗಿ ಗಮನಿಸಿದೆ. ಅವ್ವನ ತಟ್ಟೆ, ಲೋಟ ಬೇರೆ ಗೂಡಿಗೆ ಹೋಗಿದ್ದವು. ಅವಳ ಟವೆಲು ಹಿತ್ತಲಿನ ಹಗ್ಗದ ಮೇಲೆ ಇತ್ತು, ನಮ್ಮದು ಒಳಗಿನ ಗಳುವಿನ ಮೇಲೆ. ಯಾರು ಮಾಡಿದ್ದು ಎಂದು ಅಪ್ಪನನ್ನು ಕೇಳಿದೆ. ಅವಳೇ, ಯಾವಾಗಲೋ, ಎಂದರು.

ಕಳೆದ ಯುಗಾದಿಯ ದಿನ ಎಣ್ಣೆನೀರಿಗೆ ಒಲೆ ಹಚ್ಚಿದ್ದೆ. ಅಪ್ಪನ ಸ್ನಾನ ಆಗಿತ್ತು. ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಅವ್ವನ ಮುಂದೆ ಕೂತು, ಕೈಗೆ ಹಚ್ಚುತ್ತೇನೆ ಕೊಡು ಎಂದೆ. ಅವಳು ಕೈಯನ್ನು ಮಡಿಲಿನಲ್ಲೇ ಇಟ್ಟುಕೊಂಡಳು. ನಾನು ಮುಟ್ಟಲು ಹೋದಾಗ ಹಿಂದಕ್ಕೆ ಎಳೆದುಕೊಂಡಳು. ನೋವಾಯಿತೇನೋ ಎಂದುಕೊಂಡು ಕೇಳಿದೆ. ಅಲ್ಲ ಎಂದಳು.

"ನಿನ್ ಕೈಗೆ ಅಂಟ್ಬುಟ್ಟಾತು ಕಣವ್ವ."

ಅಂಟುವುದಲ್ಲ ಎಂದೆ. ಡಾಕ್ಟರು ಹೇಳಿದ್ದು ನೆನಪಿಲ್ಲವೇ, ಎರಡು ದಿನ ಕೂತು ನಾನೇ ಬರೆಯಲಿಲ್ಲವೇ, ನಿನಗೆ ಓದಿ ಹೇಳಲಿಲ್ಲವೇ ಎಂದೆ. ದನಿ ಏರಿತ್ತು. ಅವಳು ನನ್ನನ್ನು ಸಮಾಧಾನ ಮಾಡುವವಳ ಹಾಗೆ ಮಾತಾಡಿದಳು.

"ನೀನು ಬರ್ದೆ ಕಣವ್ವ. ಇಲ್ಲ ಅನ್ನಾಕಿಲ್ಲ. ಆದ್ರೆ ಓದ್ದೋರು ಅವ್ರೆಲ್ಲ. ಓದ್ಬುಟ್ಟೇ ತಾನೆ ನಮ್ಮ ಆಲು ಬುಟ್ಟಿದ್ದು? ಒಬ್ರಾದ್ರೂ ನಂಬ್ಬೇಕಿತ್ತಲ್ಲ."

ಆ ಕಾಗದದವರೆಗೆ ಅವಳಿಗೆ ತನ್ನ ಕೈಯ ಮೇಲೆ ಸಂಶಯವಿರಲಿಲ್ಲ. ನೋವಿತ್ತು, ನಾಚಿಕೆಯಿತ್ತು, ಸುಳ್ಳು ಹೇಳಿ ಮುಚ್ಚುವಷ್ಟು ಜಾಣತನವಿತ್ತು. ಸಂಶಯ ಇರಲಿಲ್ಲ. ಓದು ಬಲ್ಲ ನಾಲ್ಕು ಮನೆಯವರು ಕೊಟ್ಟ ತೀರ್ಪನ್ನು ಓದಲು ಬಾರದ ಅವಳು ಒಪ್ಪಿಕೊಂಡುಬಿಟ್ಟಿದ್ದಳು. ಅದಾಗಿ ಎಷ್ಟು ವರ್ಷವಾಯಿತೋ, ನನಗೆ ತಿಳಿಯದ ಹಾಗೆ ನಡೆದುಕೊಂಡು ಬಂದಿದ್ದಳು.

ನಾನು ಎಣ್ಣೆಯ ಬಟ್ಟಲನ್ನು ಹಿಡಿದುಕೊಂಡೇ ಕೂತಿದ್ದೆ. ಎಣ್ಣೆ ಆರುತ್ತಿತ್ತು. ವಾದ ಮಾಡಬಹುದಿತ್ತು, ಬಲವಂತ ಮಾಡಬಹುದಿತ್ತು. ನನ್ನ ಮಾತಿನಿಂದ ಅವಳಿಗೆ ಒಳ್ಳೆಯದಾದದ್ದು ಕಡಿಮೆ. ಅವಳೇ ಪಕ್ಕದಲ್ಲಿದ್ದ ಹಳೆಯ ಪಂಚೆಯ ತುಂಡನ್ನು ಮೊಣಕೈಯಿಂದ ನನ್ನ ಕಡೆಗೆ ಸರಿಸಿದಳು. ಹಚ್ಚಲೇಬೇಕಾದರೆ ಇದನ್ನು ಸುತ್ತಿಕೋ ಎಂದಳು.

ನಾನು ಬಟ್ಟೆಯನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡೆ. ಆಗ ಅವಳು ಕೈ ಕೊಟ್ಟಳು. ನಡುಬೆರಳಿನ ಬುಡದಿಂದ ಹಚ್ಚುತ್ತ ಬಂದೆ. ಗಂಟುಗಳು ಬಟ್ಟೆಯ ಮೇಲಿನಿಂದಲೂ ಬಿಸಿಯಾಗಿದ್ದವು. ಜೋರಾಗಿ ಒತ್ತಬೇಡ, ಅಲ್ಲಿ ನೋಯುತ್ತದೆ ಎಂದಳು. ಮೆಲ್ಲಗೆ ಒತ್ತಿದೆ.